ಮೇರಿಯನ್ ಸಿಮ್ಸ್: ಕೀರ್ತಿ ವೈದ್ಯನಿಗೆ, ನೋವು ಗುಲಾಮರಿಗೆ

ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎಂಬ ಮಾತಿದೆ. ಆ ಮರುಹುಟ್ಟನ್ನು ಪಡೆದೂ ಬದುಕನ್ನು ಕಳೆದುಕೊಂಡ ಸ್ತ್ರೀಯರು 19ನೇ ಶತಮಾನದಲ್ಲಿ ಅಸಂಖ್ಯ. ಅವರ ಗಾಯಕ್ಕೆ ಭರವಸೆಯ ಶಸ್ತ್ರಚಿಕಿತ್ಸೆಯನ್ನು ರೂಪಿಸಿದವರು ಅಮೆರಿಕದ ಡಾ. ಜೇಮ್ಸ್ ಮೇರಿಯನ್ ಸಿಮ್ಸ್. ಆಧುನಿಕ ಸ್ತ್ರೀರೋಗ ಚಿಕಿತ್ಸೆಯ ಪಿತಾಮಹರೆಂದು ಹೆಸರಾದ ಅವರ ಬದುಕು ಇಂದಿಗೂ ವಿವಾದದ ವಸ್ತು.

1813ರ ಜನವರಿ 25ರಂದು ಸೌತ್ ಕರೋಲಿನಾದಲ್ಲಿ ಜನಿಸಿದ ಸಿಮ್ಸ್, 1835ರಲ್ಲಿ ಫಿಲಡೆಲ್ಫಿಯಾದ ಜೆಫರ್ಸನ್ ವೈದ್ಯಕೀಯ ಕಾಲೇಜಿನಿಂದ ಪದವಿ ಪಡೆದರು. ಬಳಿಕ ಅಲಬಾಮಾದ ಮಾಂಟ್ಗೊಮರಿಯಲ್ಲಿ ನೆಲೆಸಿದರು. ಗುಲಾಮಗಿರಿ ಕಾನೂನುಬದ್ಧವಾಗಿದ್ದ ಆ ನಾಡಿನಲ್ಲಿ ತೋಟದ ಒಡೆಯರು ತಮ್ಮ ಗುಲಾಮರನ್ನೂ ಅವರ ಬಳಿಗೆ ಕಳುಹಿಸುತ್ತಿದ್ದರು.

1845ರಲ್ಲಿ ಅನಾರ್ಕಾ ಎಂಬ ಗುಲಾಮ ಯುವತಿ ಮೂರು ದಿನ ಹೆರಿಗೆ ನೋವು ಅನುಭವಿಸಿದ ನಂತರ ಸಿಮ್ಸ್ ಅವರಿಗೆ ಕರೆ ಬಂತು. ಇಕ್ಕಳದ ನೆರವಿನಿಂದ ಹೆರಿಗೆ ಮುಗಿಯಿತು. ಆದರೆ ಕೆಲವೇ ದಿನಗಳಲ್ಲಿ ಆಕೆಗೆ ಮಲಮೂತ್ರದ ಮೇಲಿನ ಹಿಡಿತವೇ ತಪ್ಪಿತು.

ಇದಕ್ಕೆ ಕಾರಣ ದೇಹರಚನೆಯಲ್ಲಿದೆ. ಸೊಂಟದ ಎಲುಬುಗಳ ನಡುವಿನ ಬೋಗುಣಿಯಂಥ ಭಾಗವೇ ಶ್ರೋಣಿ. ಅದರ ತಳದಲ್ಲಿ, ಮುಂದಿನ ಜಘನಾಸ್ಥಿಯಿಂದ ಹಿಂದಿನ ಬಾಲದ ಮೂಳೆಯವರೆಗೆ, ಸ್ನಾಯುಗಳು ಜೋಲಿಯಂತೆ ಹರಡಿವೆ. ಮೂತ್ರಕೋಶ, ಗರ್ಭಕೋಶ ಮತ್ತು ಗುದನಾಳಗಳು ಕೆಳಜಾರದಂತೆ ಆಧಾರ ಕೊಡುವುದು ಈ ಜೋಲಿ. ಹೆರಿಗೆಯ ವೇಳೆ ಅದು ಹಿಗ್ಗಿ ದಾರಿ ಬಿಡುತ್ತದೆ. ಕೆಳಗಿಳಿಯುವ ಮಗುವಿನ ತಲೆ ಸರಿಯಾದ ದಿಕ್ಕಿಗೆ ಹೊರಳಲೂ ನೆರವಾಗುತ್ತದೆ. ಆದರೆ ತಲೆ ಎಲುಬಿನ ದಾರಿಯಲ್ಲಿ ದಿನಗಟ್ಟಲೆ ಸಿಕ್ಕಿಕೊಂಡರೆ, ನಡುವೆ ಒತ್ತಿಹೋದ ಮೃದುಭಾಗಕ್ಕೆ ರಕ್ತ ಹರಿಯದೆ ಅದು ಸಾಯುತ್ತದೆ. ಮೂತ್ರಕೋಶಕ್ಕೂ ಯೋನಿಗೂ ನಡುವೆ ರಂಧ್ರ ಬೀಳುತ್ತದೆ. ಕೆಲವೊಮ್ಮೆ ಗುದನಾಳದ ಕಡೆಗೂ ತೂತಾಗುತ್ತದೆ. ಇದೇ ಫಿಸ್ಟುಲಾ. ಮಗು ಬದುಕುವುದು ಅಪರೂಪ; ತಾಯಿ ಹಗಲಿರುಳು ಸೋರುವ ದೇಹ ಹೊತ್ತು ಸಮಾಜದಿಂದ ದೂರವಾಗುತ್ತಾಳೆ.

ಬಾಗಿಸಿದ ಚಮಚದ ಸಹಾಯದಿಂದ ಒಳಗಿನ ಗಾಯವನ್ನು ಸ್ಪಷ್ಟವಾಗಿ ಕಂಡ ಸಿಮ್ಸ್, ಹಿತ್ತಿಲಲ್ಲೇ ಪುಟ್ಟ ಆಸ್ಪತ್ರೆ ಕಟ್ಟಿದರು. ಅನಾರ್ಕಾ, ಬೆಟ್ಸಿ, ಲೂಸಿ ಹಾಗೂ ಇನ್ನೂ ಕೆಲವು ಗುಲಾಮ ಸ್ತ್ರೀಯರನ್ನು ಒಡೆಯರಿಂದ ಪಡೆದು ಸುಮಾರು ನಾಲ್ಕು ವರ್ಷ ಪ್ರಯೋಗ ನಡೆಸಿದರು. ಅರಿವಳಿಕೆ ಇರಲಿಲ್ಲ. 1846ರಲ್ಲಿ ಬಾಸ್ಟನ್‌ನಲ್ಲಿ ಈಥರ್ ಬಳಕೆ ಜಗಜ್ಜಾಹೀರಾದ ನಂತರವೂ ಅವರು ಅದನ್ನು ಬಳಸಲಿಲ್ಲ. ಲೂಸಿ ಸೋಂಕಿನಿಂದ ಸಾವಿನಂಚಿಗೆ ಹೋಗಿ ಮರಳಿದಳು. ಸೋಲುಗಳು ಸಾಲುಗಟ್ಟಿದಾಗ ಜೊತೆಯ ವೈದ್ಯರು ದೂರ ಸರಿದರು. ಆಗ ಒಬ್ಬಳ ಶಸ್ತ್ರಚಿಕಿತ್ಸೆಗೆ ಇತರ ಸ್ತ್ರೀಯರೇ ನೆರವಾದರು. 1849ರಲ್ಲಿ ರೇಷ್ಮೆ ದಾರದ ಬದಲು ಬೆಳ್ಳಿ ತಂತಿಯಿಂದ ಹಾಕಿದ ಹೊಲಿಗೆ ಅನಾರ್ಕಾಳ ಗಾಯವನ್ನು ಕೂಡಿಸಿತು. ಅದು ಆಕೆಯ ಮೇಲೆ ನಡೆದ ಸುಮಾರು 30ನೇ ಶಸ್ತ್ರಚಿಕಿತ್ಸೆ.

1852ರಲ್ಲಿ ಈ ವಿಧಾನ ಪ್ರಕಟವಾಗುತ್ತಲೇ ಸಿಮ್ಸ್ ಹೆಸರು ಹಬ್ಬಿತು. 1855ರಲ್ಲಿ ಅವರು ನ್ಯೂಯಾರ್ಕ್‌ನಲ್ಲಿ ಮಹಿಳೆಯರ ಆಸ್ಪತ್ರೆ ಸ್ಥಾಪಿಸಿದರು. ಯುರೋಪಿನಲ್ಲಿಯೂ ಮನ್ನಣೆ ದೊರೆಯಿತು. 1876ರಲ್ಲಿ ಅಮೆರಿಕನ್ ವೈದ್ಯಕೀಯ ಸಂಘದ ಅಧ್ಯಕ್ಷರಾದರು. 1883ರ ನವೆಂಬರ್ 13ರಂದು ನಿಧನರಾದ ಅವರಿಗೆ 1894ರಲ್ಲಿ ನ್ಯೂಯಾರ್ಕ್‌ನಲ್ಲಿ ಪ್ರತಿಮೆ ನಿಂತಿತು.

ಆ ಸ್ತ್ರೀಯರು ಚಿಕಿತ್ಸೆ ಬಯಸಿದ್ದರೆಂದು ಸಿಮ್ಸ್ ಬರೆದಿಟ್ಟರು. ವಾಸಿಯಾಗುವ ಆಸೆ ಅವರಿಗೆ ಇದ್ದಿರಲೂಬಹುದು. ಆದರೆ ಬೇಡವೆನ್ನುವ ಹಕ್ಕೇ ಇಲ್ಲದವರ ಒಪ್ಪಿಗೆಗೆ ಏನು ಬೆಲೆ? ಅವರ ಮಾತು ಯಾವ ದಾಖಲೆಯಲ್ಲಿಯೂ ಉಳಿದಿಲ್ಲ. ಈ ಪ್ರಶ್ನೆ ಬಲಗೊಂಡ ಫಲವಾಗಿ 2018ರ ಏಪ್ರಿಲ್‌ನಲ್ಲಿ ಸೆಂಟ್ರಲ್ ಪಾರ್ಕ್‌ನಿಂದ ಸಿಮ್ಸ್ ಪ್ರತಿಮೆಯನ್ನು ತೆರವುಗೊಳಿಸಲಾಯಿತು. 2021ರಲ್ಲಿ ಮಾಂಟ್ಗೊಮರಿಯಲ್ಲಿ ಅನಾರ್ಕಾ, ಬೆಟ್ಸಿ, ಲೂಸಿಯರ ಪ್ರತಿಮೆಗಳು ತಲೆಯೆತ್ತಿದವು.

ಸಕಾಲದಲ್ಲಿ ಸಿಸೇರಿಯನ್ ದೊರೆತರೆ ಇಂಥ ಗಾಯ ಆಗುವುದೇ ವಿರಳ. ಆದರೂ ಆಫ್ರಿಕಾ ಮತ್ತು ಏಷ್ಯಾದ ಬಡ ಪ್ರದೇಶಗಳಲ್ಲಿ ಫಿಸ್ಟುಲಾ ಇನ್ನೂ ಅಳಿದಿಲ್ಲ. ವಿಶ್ವಸಂಸ್ಥೆ ಪ್ರತಿವರ್ಷ ಮೇ 23ನ್ನು ಅದರ ನಿರ್ಮೂಲನೆಗೆಂದು ಮೀಸಲಿಟ್ಟಿದೆ. ಸಿಮ್ಸ್ ಕಂಡುಕೊಂಡ ವಿದ್ಯೆ ಸುಧಾರಿಸಿದ ರೂಪದಲ್ಲಿ ಅಲ್ಲಿನ ತಾಯಂದಿರನ್ನು ಕಾಯುತ್ತಿದೆ. ಆ ವಿದ್ಯೆಗೆ ಬೆಲೆ ತೆತ್ತವರ ಹೆಸರು ಸಿಮ್ಸ್ ಹೆಸರಿನ ಜೊತೆಗೇ ನೆನಪಿನಲ್ಲಿರಬೇಕು.