ನಿಘಂಟಿನ ಕೆಳಗಿನ ಅಡಿಪಾಯ: ರೆವರೆಂಡ್ ಕಿಟೆಲ್ ಬದುಕು

ಬೆಂಗಳೂರು: ಜಯನಗರದ ನಿವಾಸಿಯಾಗಿದ್ದ ನಿಘಂಟುಕಾರ ಪ್ರೊ. ಜಿ. ವೆಂಕಟಸುಬ್ಬಯ್ಯ 2021ರ ಏಪ್ರಿಲ್‌ನಲ್ಲಿ ನಿಧನರಾದಾಗ ಅವರಿಗೆ 107 ವರ್ಷ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಬೃಹತ್ ನಿಘಂಟಿಗೆ ದುಡಿದ ಈ ಹಿರಿಯರ ಹಾದಿಯನ್ನು ಅವರಿಗಿಂತ ಮೊದಲೇ ಸವೆಸಿದ್ದವರು ಒಬ್ಬ ಜರ್ಮನ್ ಪಾದ್ರಿ. ಮಹಾತ್ಮ ಗಾಂಧಿ ರಸ್ತೆಯ ಮೇಯೋ ಹಾಲ್ ಬಳಿ ಅವರ ಪ್ರತಿಮೆಯಿದೆ. ನಿತ್ಯವೂ ಅತ್ತ ಹಾಯುವ ನಗರವಾಸಿಗಳಲ್ಲಿ ಎಷ್ಟು ಮಂದಿ ಅದನ್ನು ಕತ್ತೆತ್ತಿ ನೋಡಿದ್ದಾರೆಯೋ ತಿಳಿಯದು.

ಫರ್ಡಿನಾಂಡ್ ಕಿಟೆಲ್ ಜನಿಸಿದ್ದು 1832ರ ಏಪ್ರಿಲ್ 7ರಂದು, ಉತ್ತರ ಜರ್ಮನಿಯ ರೆಸ್ಟರ್‌ಹಾಫೆ ಎಂಬಲ್ಲಿ. ವಿಲಿಯಂ ರೀವ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾದದ್ದೂ ಅದೇ ವರ್ಷ! ತಂದೆ ಪಾದ್ರಿ; ಪ್ರಾರ್ಥನೆ, ಶಿಸ್ತು ಮತ್ತು ಬೈಬಲ್ ಆ ಮನೆಯ ದಿನಚರಿ. ಬಾಲಕನಿಗೆ ಭಾಷೆಗಳ ಹುಚ್ಚು. ಹೀಬ್ರೂ, ಗ್ರೀಕ್, ಲ್ಯಾಟಿನ್‌ಗಳನ್ನು ಕಲಿತ ಯುವಕ ವಿಶ್ವವಿದ್ಯಾಲಯದ ಹಾದಿ ಹಿಡಿಯದೆ 1850ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಶಾಲೆ ಸೇರಿದರು. 1853ರಲ್ಲಿ, 21ರ ಹರೆಯದಲ್ಲಿ, ಕರ್ನಾಟಕಕ್ಕೆ ಬಂದಿಳಿದರು.

ಬಾಸೆಲ್ ಮಿಷನ್ನಿನ ಬಿಗಿ ನಿಯಮಗಳು ಪ್ರಸಿದ್ಧ. ಎಲ್ಲಿ ನೆಲೆಸಬೇಕು, ಏನು ಮಾಡಬೇಕು, ಕಡೆಗೆ ಮದುವೆಗೂ ಸಮಿತಿಯ ಒಪ್ಪಿಗೆ ಬೇಕಿತ್ತು. ಧಾರವಾಡ ಸೀಮೆಯಲ್ಲಿ ಹಳ್ಳಿಗಳನ್ನು ಸುತ್ತುತ್ತ ಜನರ ಮಾತು ಕಲಿಯತೊಡಗಿದ ಈ ಯುವಕ, ಮಿಷನರಿಗಳು ಯುರೋಪಿನವರಂತೆ ದೂರ ಉಳಿಯದೆ ಇಲ್ಲಿನವರಂತೆ ಬದುಕಬೇಕೆಂದು ವಾದಿಸಿದರು. ಹಿರಿಯರಿಗೆ ಇದು ರುಚಿಸಲಿಲ್ಲ. ಕಿಟೆಲ್ ಮಂಗಳೂರಿಗೆ, ಮುದ್ರಣಾಲಯದ ಕೆಲಸದತ್ತ ಸರಿಯಬೇಕಾಯಿತು. ಧರ್ಮಪ್ರಚಾರಕ್ಕೆಂದು ಮನೆ ಬಿಟ್ಟು ಬಂದವನಿಗೆ ಇದು ಸಣ್ಣ ಪೆಟ್ಟಲ್ಲ. ಆದರೂ ಅವರು ಮಿಷನ್ನನ್ನು ತೊರೆಯಲಿಲ್ಲ, ಕನ್ನಡವನ್ನೂ ಬಿಡಲಿಲ್ಲ.

1860ರಲ್ಲಿ ಪೌಲಿನ್ ಐತ್ ಅವರೊಡನೆ ವಿವಾಹವಾಯಿತು. ನಾಲ್ಕೇ ವರ್ಷಗಳಲ್ಲಿ, 1864ರಲ್ಲಿ, ಪತ್ನಿ ತೀರಿಕೊಂಡರು. 1867ರಲ್ಲಿ ಆಕೆಯ ತಂಗಿ ಯೂಲಿಯನ್ನು ವರಿಸಿದರು. ಈ ದುಃಖದ ವರ್ಷಗಳ ಆಚೀಚೆ ಅವರು ಮಾಡಿದ್ದನ್ನು ಗಮನಿಸಬೇಕು. 1862ರಲ್ಲಿ ಏಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ ಹಾಡಿದ 'ಕಥಾಮಾಲೆ' ಬಂತು. 1872ರಲ್ಲಿ ಜೈನ ವೈಯಾಕರಣ ಕೇಶಿರಾಜನ 'ಶಬ್ದಮಣಿದರ್ಪಣ'ವನ್ನೂ 1875ರಲ್ಲಿ ನಾಗವರ್ಮನ 'ಛಂದೋಂಬುಧಿ'ಯನ್ನೂ ಸಂಪಾದಿಸಿ ಪ್ರಕಟಿಸಿದರು.

ಇಲ್ಲಿ ಒಂದು ಮಾತನ್ನು ಮರೆಮಾಚುವುದು ಸರಿಯಲ್ಲ. ಕಿಟೆಲ್ ಅವರನ್ನು ಕೇವಲ ಕನ್ನಡಾಭಿಮಾನಿಯಾಗಿ ಚಿತ್ರಿಸುವವರು ಅವರ ವಿಶ್ವಾಸವನ್ನು ಬದಿಗಿಡುತ್ತಾರೆ. ಅವರು ವೈದಿಕ ಯಜ್ಞವನ್ನು ಅಧ್ಯಯನ ಮಾಡಿದ್ದು ಕ್ರಿಸ್ತನ ಬಲಿದಾನದ ಅರ್ಥವನ್ನು ಇಲ್ಲಿನವರಿಗೆ ತಿಳಿಸುವ ಉದ್ದೇಶದಿಂದಲೇ. ಅದು ಆ ಕಾಲದ ಮಿಷನರಿಯ ದೃಷ್ಟಿ, ಎಲ್ಲರಿಗೂ ಒಪ್ಪಿಗೆಯಾಗುವಂಥದಲ್ಲ. ಆದರೆ ಆ ವಿಶ್ವಾಸವೇ ಅವರನ್ನು ಮೇಜಿನ ಮುಂದೆ ಎರಡು ದಶಕಗಳ ಕಾಲ ಕೂರಿಸಿತು ಎಂಬುದೂ ಸತ್ಯ. ಸಂಬಳದ ಆಸೆಗೆ ಅಷ್ಟು ವರ್ಷ ಯಾರೂ ಪದ ಹೆಕ್ಕುವುದಿಲ್ಲ.

ನಿಘಂಟಿನ ಕೆಲಸ ಸುಲಭದ್ದಲ್ಲ. ಹಳೆಗನ್ನಡ ಕಾವ್ಯದ ಪದಗಳ ಜೊತೆಗೆ ಆಡುಮಾತು, ಗಿಡಮರಗಳ ಹೆಸರು, ಗಾದೆಗಳು ಎಲ್ಲವೂ ಬೇಕಿದ್ದವು. ಪ್ರತಿ ಪದಕ್ಕೂ ತಮಿಳು, ತೆಲುಗು, ಮಲಯಾಳಂ, ತುಳುವಿನ ಸೋದರ ಪದಗಳನ್ನು ಹುಡುಕಬೇಕಿತ್ತು; ಸಂಸ್ಕೃತ, ಮರಾಠಿ, ಹಿಂದುಸ್ತಾನಿಗಳಿಂದ ಬಂದವನ್ನು ಬೇರ್ಪಡಿಸಬೇಕಿತ್ತು. ನಾಡಿನ ಪಂಡಿತರ ನೆರವು ದೊರೆಯಿತು. 1877ರಲ್ಲಿ ಜರ್ಮನಿಗೆ ತೆರಳಿದ ಕಿಟೆಲ್, ದೂರದಲ್ಲಿ ಕುಳಿತು ಈ ಕೆಲಸ ಮುಗಿಯದೆಂದು 1883ರಲ್ಲಿ ಮತ್ತೆ ಬಂದರು. ಆಗ ಅವರಿಗೆ 51 ವರ್ಷ. ಆರೋಗ್ಯ ಕೈಕೊಟ್ಟು 1892ರಲ್ಲಿ ಶಾಶ್ವತವಾಗಿ ಮರಳಿದರು.

1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಸುಮಾರು 70,000 ಪದಗಳ, 1,752 ಪುಟಗಳ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂತು. ಒಂದು ಕಾಲದಲ್ಲಿ ಅವರನ್ನು ಬದಿಗೆ ಸರಿಸಿದ ಜಾಗವೇ ಅವರ ಹೆಸರನ್ನು ಉಳಿಸಿತು! 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. ಬಹುಕಾಲದ ನಂತರ ಎಂ. ಮರಿಯಪ್ಪ ಭಟ್ಟರು ಇದನ್ನೇ ಪರಿಷ್ಕರಿಸಿ ವಿಸ್ತರಿಸಿದರು. ಮದ್ರಾಸ್ ವಿಶ್ವವಿದ್ಯಾಲಯ ಅದನ್ನು ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿತು. ಧಾರವಾಡದ ಕಾಲೇಜೊಂದು ಇಂದಿಗೂ ಕಿಟೆಲ್ ಹೆಸರಿನಲ್ಲಿದೆ.

ಟ್ಯೂಬಿಂಗನ್‌ನಲ್ಲಿ ನೆಲೆಸಿದ ಮೇಲೂ ವಿಶ್ರಾಂತಿ ಅವರಿಗೆ ಒಗ್ಗಲಿಲ್ಲ. ಕನ್ನಡ ನಾಡಿನಿಂದ ಸಾವಿರಾರು ಮೈಲಿ ದೂರದಲ್ಲಿ, ಮುಪ್ಪಿನಲ್ಲಿ, ಹಳೆಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಳಗೊಂಡ ವ್ಯಾಕರಣವೊಂದನ್ನು ಸಿದ್ಧಪಡಿಸಿದರು. ಅದು 1903ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಕಿಟೆಲ್ ಕೊನೆಯುಸಿರೆಳೆದರು. ಅವರಿಗೆ 71 ವರ್ಷವಾಗಿತ್ತು.