ಬರೆಯುವ ಮೊದಲು ಕಲಿತವರು: ಮಂಜೇಶ್ವರದ ಗೋವಿಂದ ಪೈಗಳು

ಮಂಜೇಶ್ವರದ ಹೆಸರನ್ನು ಕನ್ನಡನಾಡಿನ ಯಾವ ಮೂಲೆಯಲ್ಲಿ ಹೇಳಿದರೂ ಅದರ ಬೆನ್ನಿಗೇ ಗೋವಿಂದ ಪೈಗಳ ಹೆಸರು ಬರುತ್ತದೆ. ನಮ್ಮ ನೆಲದವರೆಂಬ ಕಾರಣಕ್ಕೆ ಅವರ ಮೇಲೆ ನಮಗೆ ಅಭಿಮಾನ ಬಹಳ. ಅವರನ್ನು ಓದುವುದು ಮಾತ್ರ ಅಷ್ಟಕ್ಕಷ್ಟೆ. ಮಾರ್ಚ್ 23 ಬಂತೆಂದರೆ ಭಾವಚಿತ್ರಕ್ಕೆ ಹಾರ ಹಾಕುತ್ತೇವೆ, ನಾಲ್ಕು ಮಾತಾಡುತ್ತೇವೆ, ಚಹಾ ಕುಡಿದು ಮನೆಗೆ ಹೋಗುತ್ತೇವೆ. ಪೈಗಳು ಬರೆಯುವುದನ್ನು ಹೇಗೆ ಕಲಿತರೆಂದು ಒಮ್ಮೆ ತರಗತಿಯಲ್ಲಿ ಒಬ್ಬಳು ಹುಡುಗಿ ಕೇಳಿದಳು. ಹುಟ್ಟಿದ ವರ್ಷ, ಪಡೆದ ಬಿರುದು, ಬರೆದ ಪುಸ್ತಕಗಳ ಪಟ್ಟಿ ಇಷ್ಟೇ ನಮ್ಮ ಬಳಿ ಇದ್ದದ್ದು. ಅಂದು ಕೊಡಲಾರದೆ ಹೋದ ಉತ್ತರವನ್ನು ಇಂದು ಇಲ್ಲಿ ಕೊಡಲು ಯತ್ನಿಸಿದ್ದೇವೆ.

ಪೈಗಳು ಹುಟ್ಟಿದ್ದು 1883ರ ಮಾರ್ಚ್ 23ರಂದು. ತಂದೆ ತಿಮ್ಮಪ್ಪ ಪೈ, ತಾಯಿ ದೇವಕಿಯಮ್ಮ. ಮನೆ ಅನುಕೂಲಸ್ಥರದು. ಮನೆಯೊಳಗಿನ ಮಾತು ಕೊಂಕಣಿ, ಅಂಗಳ ದಾಟಿದರೆ ತುಳು, ಶಾಲೆಯಲ್ಲಿ ಕನ್ನಡ. ನಮ್ಮ ಸೀಮೆಯ ಮಕ್ಕಳಿಗೆ ಇದು ಹೊಸತೇನಲ್ಲ. ಇಂದಿಗೂ ಅನೇಕರು ಬೆಳೆಯುವುದು ಹೀಗೆಯೇ. ಮಂಗಳೂರಿನಲ್ಲಿ ಓದುವಾಗ ಅವರಿಗೆ ಪಂಜೆ ಮಂಗೇಶರಾಯರು ಗುರುಗಳಾಗಿ ದೊರೆತರು. ಮಕ್ಕಳ ಪದ್ಯಗಳಿಂದ ಇಡೀ ನಾಡಿಗೆ ಪರಿಚಿತರಾದ ಪಂಜೆಯವರ ಕೈಕೆಳಗೆ ಕನ್ನಡ ಕಲಿಯುವುದೆಂದರೆ ಸಣ್ಣ ಭಾಗ್ಯವಲ್ಲ. ಒಳ್ಳೆಯ ಬರಹಗಾರನ ಹಿಂದೆ ಎಲ್ಲೋ ಒಬ್ಬ ಒಳ್ಳೆಯ ಮೇಷ್ಟ್ರು ಇರುತ್ತಾನೆಂದು ನಮ್ಮಂಥವರು ಹೇಳಿಕೊಂಡರೆ ಸ್ವಂತ ಹೊಗಳಿಕೆಯಾದೀತು. ಆದರೆ ಇಲ್ಲಿ ಅದು ನಿಜವಾದ ಮಾತು.

ಮುಂದೆ ಮದ್ರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಬಿ.ಎ. ಓದಿದರು. ಕೊನೆಯ ಪರೀಕ್ಷೆಯ ವೇಳೆಗೆ ತಂದೆಯವರ ವಿಯೋಗವಾಗಿ ಓದು ಅಲ್ಲಿಗೇ ನಿಂತಿತು. ಬರೆದಿದ್ದ ಇಂಗ್ಲಿಷ್ ಪರೀಕ್ಷೆಯಲ್ಲಿ ಚಿನ್ನದ ಪದಕವೇನೋ ಬಂತು, ಪದವಿ ಮಾತ್ರ ಬರಲಿಲ್ಲ. ಹಿರಿಯ ಮಗನಾದ್ದರಿಂದ ಮನೆಯ ಹೊಣೆ ಹೆಗಲಿಗೇರಿತು. ಪದವಿ ಕೈತಪ್ಪಿತೆಂದು ಅವರು ಕಲಿಯುವುದನ್ನು ನಿಲ್ಲಿಸಲಿಲ್ಲ. ಅವರ ನಿಜವಾದ ವಿದ್ಯಾಭ್ಯಾಸ ಮಂಜೇಶ್ವರದ ಮನೆಯಲ್ಲಿ, ಪುಸ್ತಕಗಳ ನಡುವೆ, ಮುಂದೆ ಬದುಕಿನುದ್ದಕ್ಕೂ ನಡೆಯಿತು. ಸಂಸ್ಕೃತ, ಪಾಲಿ, ಬಂಗಾಳಿ, ಪಾರ್ಸಿ, ಗ್ರೀಕ್ ಎಂದು ಒಂದಾದ ಮೇಲೊಂದು ಭಾಷೆಯನ್ನು ಹಿಡಿದರು. ಅವರಿಗೆ 25ರಷ್ಟು ಭಾಷೆಗಳ ಪರಿಚಯವಿತ್ತೆಂದು ಅವರನ್ನು ಬಲ್ಲವರೆಲ್ಲ ದಾಖಲಿಸಿದ್ದಾರೆ.

ಇಷ್ಟು ಭಾಷೆ ಯಾತಕ್ಕೆ ಎಂದು ಕೇಳಬಹುದು. ಪೈಗಳಿಗೆ ಅದು ಪ್ರದರ್ಶನದ ವಸ್ತುವಾಗಿರದೆ ಕೆಲಸದ ಹತ್ಯಾರವಾಗಿತ್ತು. ಈಜಿಪ್ಟಿನ ಮರಳಿನಲ್ಲಿ ದೊರೆತ ಹಳೆಯ ಗ್ರೀಕ್ ಪ್ರಹಸನವೊಂದರಲ್ಲಿ ಅರ್ಥವಾಗದ ಕೆಲವು ಮಾತುಗಳಿದ್ದವು. ಅವು ಕನ್ನಡದವೆಂದು ಆರ್. ಶಾಮಶಾಸ್ತ್ರಿಗಳಂಥ ವಿದ್ವಾಂಸರು ಸೂಚಿಸಿದ್ದರು. ಪೈಗಳೂ ಆ ಮಾತುಗಳ ಬೆನ್ನುಹತ್ತಿ ಕನ್ನಡದ ಪ್ರಾಚೀನತೆಗೆ ಅದರಲ್ಲಿ ಆಧಾರ ಹುಡುಕಿದರು. ಈ ವಿಷಯದಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ, ಒಪ್ಪದವರೂ ಇದ್ದಾರೆ. ಆದರೆ ಬೇರೆಯವರು ಹೇಳಿದ್ದನ್ನು ಕೇಳಿ ಬರೆಯದೆ, ಮೂಲದ ತನಕ ನಡೆದುಹೋಗಿ ನೋಡಿ ಬರೆಯುವ ಅವರ ಅಭ್ಯಾಸಕ್ಕೆ ಇದೊಂದು ಸಾಕ್ಷಿ. ತುಳುನಾಡಿನ ಚರಿತ್ರೆ, ಶಾಸನಗಳ ಕಾಲನಿರ್ಣಯ, ಕವಿಗಳ ಕಾಲವಿಚಾರ, ಎಲ್ಲದರಲ್ಲೂ ಅವರು ನಡೆದದ್ದು ಇದೇ ದಾರಿಯಲ್ಲಿ.

ಇನ್ನು ಕವಿತೆಯ ಮಾತು. ಅಂದಿನ ಕಾಲಕ್ಕೆ ಕನ್ನಡ ಪದ್ಯಕ್ಕೆ ಆದಿಪ್ರಾಸವೆಂಬ ಕಟ್ಟು ಇತ್ತು. ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಅದೇ ವ್ಯಂಜನ ಬರಬೇಕು. ಮೊದಲ ಸಾಲು ಕಡಲು ಎಂದು ಆರಂಭವಾದರೆ ಮುಂದಿನವು ಒಡಲು, ಬಿಡದೆ, ನುಡಿದು ಎಂದೇ ತೊಡಗಬೇಕು. ಮೊದಲಕ್ಷರ ಒಂದು ಸಾಲಿನಲ್ಲಿ ಹ್ರಸ್ವವಾಗಿದ್ದರೆ ಎಲ್ಲದರಲ್ಲೂ ಹ್ರಸ್ವ, ದೀರ್ಘವಾಗಿದ್ದರೆ ಎಲ್ಲದರಲ್ಲೂ ದೀರ್ಘ. ಸಾವಿರ ವರ್ಷದಿಂದ ಮಹಾಕವಿಗಳು ಪಾಲಿಸಿಕೊಂಡು ಬಂದ ನಿಯಮವಿದು. ಕಿವಿಗೆ ಇಂಪು, ಸಂದೇಹವಿಲ್ಲ. ಆದರೆ ಕವಿಗೆ ಬೇಕಾದ ಮಾತು ಒಂದು, ಪ್ರಾಸ ಕೇಳುವ ಮಾತು ಇನ್ನೊಂದು ಎಂಬ ಸಂಕಟ ಎಷ್ಟೋ ಸಲ ಬರುತ್ತಿತ್ತು.

ಪೈಗಳು ಮೊದಮೊದಲು ಪ್ರಾಸವಿಟ್ಟೇ ಬರೆದವರು. 1911ರಲ್ಲಿ ಅವರು ಅದನ್ನು ಕೈಬಿಟ್ಟರು. ಆಗ ಅವರಿಗೆ 28 ವರ್ಷ. ಹೆಸರಿಲ್ಲದ ತರುಣ, ಹಿಂದೆ ನಿಂತು ಕಾಯುವ ಪೀಠವಾಗಲಿ ಹುದ್ದೆಯಾಗಲಿ ಇಲ್ಲ. ಮಂಗಳೂರಿನ ಸ್ವದೇಶಾಭಿಮಾನಿ ಪತ್ರಿಕೆ ಪ್ರಾಸವಿಲ್ಲದ ಅವರ ಪದ್ಯವನ್ನು ಪ್ರಕಟಿಸಿತು. ಪಂಡಿತರು ಮುನಿದರು, ಚರ್ಚೆ ಎದ್ದಿತು. ಬಿ.ಎಂ.ಶ್ರೀಯವರ ಇಂಗ್ಲಿಷ್ ಗೀತಗಳು ಬೆಳಕಿಗೆ ಬರುವುದಕ್ಕೆ ಇನ್ನೂ ವರ್ಷಗಳಿದ್ದವು. ಹೊಸಗನ್ನಡ ಕವಿತೆಯ ಬಾಗಿಲನ್ನು ತೆರೆದವರಲ್ಲಿ ಈ ಗಡಿಯ ಊರಿನವರೊಬ್ಬರು ಮುಂದಿದ್ದರೆಂಬುದನ್ನು ನಮ್ಮ ಮಕ್ಕಳಿಗೆ ನಾವು ಹೇಳಲೇಬೇಕು. ಜೊತೆಗೆ ಇನ್ನೊಂದನ್ನೂ ಹೇಳಬೇಕು: ಅವರು ನಿಯಮವನ್ನು ಬಿಟ್ಟದ್ದು ಅದು ಬಾರದೆ ಅಲ್ಲ, ಅದರಲ್ಲಿ ಕೈ ಪಳಗಿದ ಮೇಲೆ.

ಹೀಗೆ ಬರೆದ ಕವಿತೆಗಳನ್ನು ಅವರು ಅವಸರದಿಂದ ಪುಸ್ತಕ ಮಾಡಲೂ ಇಲ್ಲ. ಗಿಳಿವಿಂಡು ಹೊರಬಂದದ್ದು 1930ರಲ್ಲಿ, ಅವರಿಗೆ 47 ತುಂಬಿದ ವರ್ಷ. ಪ್ರಾಸ ಬಿಟ್ಟ ಗಳಿಗೆಯಿಂದ ಲೆಕ್ಕ ಹಾಕಿದರೂ 19 ವರ್ಷ. ಇಂದು ಸಂಜೆ ಬರೆದದ್ದು ನಾಳೆ ಬೆಳಿಗ್ಗೆ ಎಲ್ಲರ ಕಣ್ಣಿಗೆ ಬೀಳಬೇಕೆನ್ನುವ ನಮಗೆ ಈ ತಾಳ್ಮೆ ಅಚ್ಚರಿ ಹುಟ್ಟಿಸುತ್ತದೆ.

ಈ ನಡುವೆ 1927ರಲ್ಲಿ ಅವರ ಪತ್ನಿ ತೀರಿಕೊಂಡರು. ಆ ಅಗಲಿಕೆಯ ನೋವು ನಂದಾದೀಪದ ಕವಿತೆಗಳಾಯಿತು. ಮುಂದೆ ಅವರು ಬರೆದ ಎರಡು ದೊಡ್ಡ ಕವನಗಳೂ ಅಂತ್ಯಕಾಲವನ್ನು ಕುರಿತವು ಎಂಬುದು ಗಮನಿಸತಕ್ಕದ್ದು: ಗೊಲ್ಗೊಥಾದಲ್ಲಿ ಯೇಸುವಿನ ಕೊನೆಯ ದಿನ, ವೈಶಾಖಿಯಲ್ಲಿ ಬುದ್ಧನ ಕೊನೆಯ ದಿನ. ತಮ್ಮದಲ್ಲದ ಮತಗಳ ಮಹಾಪುರುಷರನ್ನು ಅವರು ಪರಕೀಯರೆಂದು ಎಣಿಸಲಿಲ್ಲ. ಹೆಬ್ಬೆರಳು ನಾಟಕದಲ್ಲಿ ಏಕಲವ್ಯನನ್ನು ಕನ್ನಡಕ್ಕೆ ಮತ್ತೆ ತಂದರು. ಜಪಾನಿನ ನೋ ನಾಟಕಗಳನ್ನೂ ಕನ್ನಡಿಸಿದರು. ಅವರ ಭಾಷೆ ಸುಲಭದ್ದಲ್ಲ, ಒಪ್ಪಬೇಕು. ಹಳಗನ್ನಡ, ಸಂಸ್ಕೃತ ಎರಡೂ ಬೆರೆತ ಬಿಗಿಯಾದ ನಡೆ. ನಿಘಂಟು ಪಕ್ಕದಲ್ಲಿಟ್ಟುಕೊಂಡೇ ಓದಬೇಕಾದ ಸಾಲುಗಳು ಬಹಳ. ಸಾಮಾನ್ಯ ಓದುಗ ಅವರಿಂದ ದೂರ ಉಳಿದದ್ದಕ್ಕೆ ಇದೂ ಒಂದು ಕಾರಣ.

1949ರಲ್ಲಿ ಮದ್ರಾಸು ಸರಕಾರ ಅವರಿಗೆ ರಾಷ್ಟ್ರಕವಿ ಎಂಬ ಗೌರವವನ್ನಿತ್ತಿತು. ನಮ್ಮ ಸೀಮೆ ಆಗ ಆ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. 1951ರಲ್ಲಿ ಮುಂಬಯಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. 1956ರ ನವೆಂಬರ್ 1ರಂದು ರಾಜ್ಯಗಳ ಗೆರೆ ಹೊಸದಾಗಿ ಬಿದ್ದಾಗ ಕಾಸರಗೋಡು ತಾಲೂಕು ಕೇರಳದ ಪಾಲಾಯಿತು. ಕಾಸರಗೋಡು ಕನ್ನಡನಾಡಿಗೆ ಸೇರಬೇಕೆಂದು ದನಿಯೆತ್ತಿದ್ದ ಪೈಗಳಿಗೆ ಆಗ 73 ವರ್ಷ. ಕನ್ನಡದ ರಾಷ್ಟ್ರಕವಿ ಮನೆ ಬಿಟ್ಟು ಕದಲದೆಯೇ ಕನ್ನಡನಾಡಿನ ಹೊರಗಿನವರಾದರು. ಆ ನೋವು ಅವರನ್ನು ಬಿಡಲಿಲ್ಲ. ಅವರು ಮಂಜೇಶ್ವರವನ್ನು ಬಿಡಲಿಲ್ಲ. ಓದು ಬರಹ ಅಲ್ಲಿಯೇ ಮುಂದುವರಿಯಿತು. 1963ರ ಸೆಪ್ಟೆಂಬರ್ 6ರಂದು ಅವರು ತೀರಿಕೊಂಡರು. ಅವರ ಪುಸ್ತಕಭಂಡಾರ ಉಡುಪಿಯ ಎಂ.ಜಿ.ಎಂ. ಕಾಲೇಜಿಗೆ ಸೇರಿ, ಅಲ್ಲಿ ಅವರ ಹೆಸರಿನ ಸಂಶೋಧನ ಕೇಂದ್ರ ಬೆಳೆಯಿತು. ಮಂಜೇಶ್ವರದ ಮನೆ ಗಿಳಿವಿಂಡು ಎಂಬ ಹೆಸರಿನ ಸ್ಮಾರಕವಾಗಿ ಉಳಿದಿದೆ.

ಈಗ ಆ ಹುಡುಗಿಯ ಪ್ರಶ್ನೆಗೆ ಬರೋಣ. ನಮ್ಮದೊಂದು ತಪ್ಪೊಪ್ಪಿಗೆ ಇದೆ. ಮಕ್ಕಳ ಪ್ರಬಂಧದಲ್ಲಿ ತುಳು ಮಾತು, ಮಲಯಾಳ ಮಾತು ನುಸುಳಿದರೆ ನಾವು ಕೆಂಪು ಶಾಯಿಯಿಂದ ಗೆರೆ ಎಳೆಯುತ್ತಲೇ ಬಂದವರು. ತಿದ್ದುವುದು ನಮ್ಮ ಕೆಲಸ, ಸರಿ. ಆದರೆ ಮನೆಯ ಮಾತು, ನೆರೆಯ ಮಾತು ಕನ್ನಡಕ್ಕೆ ಶತ್ರುಗಳೆಂಬ ಭಾವನೆ ಅದರಿಂದ ಮಕ್ಕಳಲ್ಲಿ ಹುಟ್ಟಿದ್ದರೆ ಅದು ನಮ್ಮ ದೋಷ. ಕೊಂಕಣಿ ಮನೆಯಲ್ಲಿ ಹುಟ್ಟಿ, ಹತ್ತಾರು ನುಡಿ ಕಲಿತು, ಎಲ್ಲವನ್ನೂ ತಂದು ಕನ್ನಡಕ್ಕೆ ಸುರಿದವರ ಊರಿನಲ್ಲಿ ಕುಳಿತು ನಾವು ಹಾಗೆ ಕಲಿಸಬಾರದಿತ್ತು.

ಇನ್ನು ಕನ್ನಡ ತರಗತಿಯ ಬೆಂಚುಗಳು ಖಾಲಿಯಾಗುತ್ತಿವೆ ಎಂಬ ಚಿಂತೆ ನಮ್ಮೆಲ್ಲರದು. ಮಗುವನ್ನು ಯಾವ ಮಾಧ್ಯಮಕ್ಕೆ ಸೇರಿಸಬೇಕೆಂಬುದು ತಂದೆತಾಯಿಯ ತೀರ್ಮಾನ. ಅವರವರ ಕಷ್ಟ ಅವರವರಿಗೆ ಗೊತ್ತು. ನಾವು ಕೇಳಿಕೊಳ್ಳುವುದು ಇಷ್ಟೆ. ಎಲ್ಲಿಯೇ ಓದಲಿ, ದಿನಕ್ಕೆ ಒಂದು ಪುಟ ಕನ್ನಡವನ್ನು ಮಗು ಮನೆಯಲ್ಲಿ ಓದಲಿ, ವಾರಕ್ಕೊಂದು ಪುಟ ಬರೆಯಲಿ. ಬರೆದದ್ದನ್ನು ಕೆಲವು ದಿನ ಇಟ್ಟು ಮತ್ತೆ ತೆಗೆದು ನೋಡಲಿ. ಪದವಿ ಇಲ್ಲದೆ, ಪೇಟೆಯ ನೆರವಿಲ್ಲದೆ, ಮಂಜೇಶ್ವರದ ಒಂದು ಮನೆಯಲ್ಲಿ ಕುಳಿತವರು ಮಾಡಿದ್ದೂ ಇದನ್ನೇ, ಬಹಳ ವರ್ಷ, ಬೇಸರಪಡದೆ. ಆ ಹುಡುಗಿಗೆ ನಾವು ಕೊಡಬೇಕಾಗಿದ್ದ ಉತ್ತರ ಇದೇ.