ಸ್ವರಲಿಪಿಯ ಶಿಲ್ಪಿ ಪಂಡಿತ ಭಾತಖಂಡೆ

ಹಿಂದುಸ್ತಾನಿ ಸಂಗೀತಕ್ಕೆ ಸರಳವಾದ ಸ್ವರಲಿಪಿಯೊಂದನ್ನು ರೂಢಿಸಿಕೊಟ್ಟ ಪಂಡಿತ ವಿಷ್ಣು ನಾರಾಯಣ ಭಾತಖಂಡೆಯವರು 1860ರ ಆಗಸ್ಟ್ 10ರಂದು ಮುಂಬಯಿಯ ವಾಲಕೇಶ್ವರದಲ್ಲಿ ಜನಿಸಿದರು. 1887ರಲ್ಲಿ ಕಾನೂನು ಪದವಿ ಪಡೆದು ವಕೀಲರಾದರೂ, ಗಾಯನ ಉತ್ತೇಜಕ ಮಂಡಳಿಯ ಒಡನಾಟ ಅವರನ್ನು ಸಂಗೀತದತ್ತ ಸೆಳೆದಿತ್ತು. ಪತ್ನಿಯೂ ಮಗಳೂ ಅಗಲಿದ ಬಳಿಕ ವಕೀಲಿಯನ್ನು ತೊರೆದು ಪೂರ್ಣವಾಗಿ ಅದಕ್ಕೇ ಮುಡಿಪಾದರು.

ಅಂದು ಬಂದಿಶುಗಳು ಘರಾಣೆಗಳ ಗುಪ್ತಧನವಾಗಿದ್ದವು. ಉಸ್ತಾದರೊಬ್ಬರು ತೀರಿಕೊಂಡರೆ ಅವರ ಕಂಠದೊಡನೆ ಎಷ್ಟೋ ರಚನೆಗಳೂ ಅಳಿಯುತ್ತಿದ್ದವು. ಈ ನಷ್ಟವನ್ನು ತಡೆಯಲು ಭಾತಖಂಡೆಯವರು ದೇಶವನ್ನೆಲ್ಲ ಸುತ್ತಿದರು. 1904ರ ದಕ್ಷಿಣ ಯಾತ್ರೆಯ ತರುವಾಯ ವೆಂಕಟಮಖಿಯ 72 ಮೇಳಗಳ ಕ್ರಮ ಅವರ ಚಿಂತನೆಗೆ ದಾರಿದೀಪವಾಯಿತು. ಉತ್ತರದ ರಾಗಗಳನ್ನು ಅವರು ಹತ್ತು ಥಾಟುಗಳಲ್ಲಿ ವಿಂಗಡಿಸಿದರು. ಕರ್ನಾಟಕದಿಂದ ಉತ್ತರಕ್ಕೆ ಹೋಗಿ ನೆಲೆಸಿದ ಪುಂಡರೀಕ ವಿಠ್ಠಲನ ಗ್ರಂಥಗಳನ್ನೂ ಅವರು ಆಳವಾಗಿ ಅಭ್ಯಸಿಸಿದರು.

ಅವರ ಲಿಪಿಯಲ್ಲಿ ಚಿಹ್ನೆಯ ಸ್ಥಾನವೇ ಅರ್ಥವನ್ನು ಸೂಚಿಸುತ್ತದೆ. ಶುದ್ಧ ಸ್ವರಕ್ಕೆ ಗುರುತಿಲ್ಲ. ಇಳಿದ ಕೋಮಲ ಸ್ವರಕ್ಕೆ ಅಕ್ಷರದ ಕೆಳಗೆ ಅಡ್ಡಗೆರೆ, ಏರಿದ ತೀವ್ರ ಮಧ್ಯಮಕ್ಕೆ ಮೇಲೆ ನೆಟ್ಟಗೆರೆ. ಮಂದ್ರಕ್ಕೆ ಕೆಳಗೆ ಬಿಂದು, ತಾರಕ್ಕೆ ಮೇಲೆ ಬಿಂದು. ಸಮ್‌ಗೆ ಗುಣಾಕಾರದ ಗುರುತು, ಖಾಲಿಗೆ ಸೊನ್ನೆ, ಉಳಿದ ತಾಳಿಗಳಿಗೆ ಅಂಕಿಗಳು. ಗಣಿತದ ಪರಿಚಿತ ಗುರುತುಗಳೇ ಇಲ್ಲಿ ತಾಳದ ಸೇವೆಗೆ ನಿಂತಿವೆ. ಒಂದೇ ಮಾತ್ರೆಯೊಳಗೆ ಬರುವ ಸ್ವರಗಳಿಗೆ ಕೆಳಗೆ ಕಮಾನು, ಮೀಂಡಿಗೆ ಮೇಲೆ ಕಮಾನು.

ಮೀಂಡಿನ ಆ ಕಮಾನು ಸ್ವರದ ಜಾರುವಿಕೆಯನ್ನು ತಿಳಿಸುತ್ತದೆಯೇ ಹೊರತು ಜಾರುವ ಬಗೆಯನ್ನಲ್ಲ. ಆಂದೋಲನದ ಸೂಕ್ಷ್ಮವೂ ಕಾಗದಕ್ಕೆ ದಕ್ಕುವುದಿಲ್ಲ. ಆದ್ದರಿಂದ ಬರೆದಿಟ್ಟ ಸಂಗೀತ ನಿರ್ಜೀವವೆಂಬ ಆಕ್ಷೇಪವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ವಿಷ್ಣು ದಿಗಂಬರ ಪಲುಸ್ಕರರ ಲಿಪಿ ಹೆಚ್ಚು ವಿವರಗಳನ್ನು ಹಿಡಿಯಲು ಯತ್ನಿಸಿತು. ಆದರೆ ಕಡಿಮೆ ಗುರುತುಗಳ ಭಾತಖಂಡೆ ಲಿಪಿಯೇ ಹೆಚ್ಚು ವ್ಯಾಪಕವಾಗಿ ಬಳಕೆಗೆ ಬಂದಿತು. ಅದು ಗುರುವಿನ ಸ್ಥಾನವನ್ನು ಆಕ್ರಮಿಸದೆ, ಕಲಿತವನ ನೆನಪಿಗೆ ಊರುಗೋಲಾಯಿತು.

ಆರು ಭಾಗಗಳ ‘ಕ್ರಮಿಕ ಪುಸ್ತಕ ಮಾಲಿಕೆ’ಯಲ್ಲಿ ಸಾವಿರಕ್ಕೂ ಮಿಕ್ಕ ಬಂದಿಶುಗಳು ಈ ಲಿಪಿಯಲ್ಲಿ ಉಳಿದುಬಂದಿವೆ. 1916ರಲ್ಲಿ ಬರೋಡದಲ್ಲಿ ಪ್ರಥಮ ಅಖಿಲ ಭಾರತ ಸಂಗೀತ ಪರಿಷತ್ತು ನಡೆಯಲು ಅವರೇ ಕಾರಣರು. 1926ರಲ್ಲಿ ಲಖನೌದಲ್ಲಿ ಅವರ ಶ್ರಮದಿಂದ ಆರಂಭವಾದ ಸಂಗೀತ ವಿದ್ಯಾಲಯ ಇಂದು ಅವರ ಹೆಸರಿನ ವಿಶ್ವವಿದ್ಯಾಲಯವಾಗಿದೆ. ಕೊನೆಯ ವರ್ಷಗಳನ್ನು ಪಾರ್ಶ್ವವಾಯುವಿನಲ್ಲಿ ಕಳೆದ ಅವರು 1936ರ ಸೆಪ್ಟೆಂಬರ್ 19ರಂದು ನಿಧನ ಹೊಂದಿದರು. ಒಂದು ಗೆರೆ, ಒಂದು ಬಿಂದು, ಒಂದು ಕಮಾನು: ಇಷ್ಟರಿಂದಲೇ ಅವರು ಮನೆತನಗಳ ಗುಪ್ತಧನವನ್ನು ನಾಡಿನ ಸೊತ್ತಾಗಿಸಿದರು.